606 ಸ್ಪೀಕರ್, ಡೆನಾನ್ ರಿಸೀವರ್: ಜಂಪರ್ ಇದ್ದಲ್ಲೇ ಇರಲಿ

ಬೋವರ್ಸ್ ಅಂಡ್ ವಿಲ್ಕಿನ್ಸ್ 606 ತಗೊಂಡವರ ಮೊದಲ ಪ್ರಶ್ನೆ ಇದೇ: ಹಿಂದೆ ನಾಲ್ಕು ಟರ್ಮಿನಲ್ ಇದೆಯಲ್ಲ, ವೈರ್ ಎಲ್ಲಿಗೆ ಹಾಕೋದು? ಒಂದು ಜೋಡಿ ತಗ್ಗು ಸ್ವರ ನುಡಿಸುವ 165 ಮಿ.ಮೀ. ವೂಫರ್‌ಗೆ, ಇನ್ನೊಂದು ಮೇಲಿನ ಸ್ವರದ ಟ್ವೀಟರ್‌ಗೆ. ಜೊತೆಗೆ ಬರುವ ಜಂಪರ್ ಎಂಬ ಚಿಕ್ಕ ಕೊಂಡಿ ಎರಡನ್ನೂ ಸೇರಿಸುತ್ತದೆ. ಹಾಗಾಗಿ ರಿಸೀವರ್‌ನಿಂದ (ಸ್ಪೀಕರ್‌ಗಳಿಗೆ ಪವರ್ ಕೊಡುವ ಆಂಪ್‌ಗಳಿರುವ ಪೆಟ್ಟಿಗೆ) ಒಂದೇ ಜೋಡಿ ವೈರ್ ಬಂದರೂ ಸಾಕು, ಇಡೀ ಸ್ಪೀಕರ್ ಹಾಡುತ್ತದೆ.

ನನ್ನ ಡೆನಾನ್ ಎವಿಆರ್-ಎಕ್ಸ್2800ಹೆಚ್‌ನಲ್ಲಿ ಬೈ-ಆಂಪ್ ಕೂಡ ಮಾಡಿ ಕೇಳಿದೆ, ಅಂದರೆ ವೂಫರ್‌ಗೊಂದು, ಟ್ವೀಟರ್‌ಗೊಂದು ಬೇರೆ ಬೇರೆ ಆಂಪ್. ಆಂಪ್ ಅಸೈನ್ ಮೆನುವಿನಲ್ಲಿ ಬೈ-ಆಂಪ್ ಆರಿಸಿ, ಫ್ರಂಟ್‌ನಿಂದ ಒಂದು ಜೋಡಿ ವೈರ್, ಸರೌಂಡ್ ಬ್ಯಾಕ್‌ನಿಂದ ಇನ್ನೊಂದು ಜೋಡಿ ಎಳೆಯಬೇಕು. ಅದಕ್ಕೂ ಮೊದಲು ಜಂಪರ್ ಕಳಚಲೇಬೇಕು! ಮರೆತರೆ ಎರಡು ಆಂಪ್‌ಗಳ ಔಟ್‌ಪುಟ್ ಒಂದಕ್ಕೊಂದು ಸೇರಿ ರಿಸೀವರ್ ಸುಟ್ಟುಹೋಗಬಹುದು. ಪ್ಲಗ್ ಕಿತ್ತಿಟ್ಟೇ ಕೈಹಾಕಿ. ತಾಮ್ರದ ಒಂದೆಳೆಯೂ ಪಕ್ಕದ ಟರ್ಮಿನಲ್‌ಗೆ ತಾಗಬಾರದು.

ಕೇಳಿದಾಗ? ಮಲ್ಲಿಕಾರ್ಜುನ ಮನ್ಸೂರರ ದನಿ, ಹಿಂದಿನ ತಂಬೂರಿ, ಎರಡೂ ರೀತಿಯಲ್ಲಿ ಅಷ್ಟೇ ಸೊಗಸು. ನನಗಂತೂ ವ್ಯತ್ಯಾಸ ಗೊತ್ತಾಗಲಿಲ್ಲ. ರಿಸೀವರ್ ಒಳಗಿನ ಪವರ್ ಸಪ್ಲೈ ಒಂದೇ, ಸ್ವರಗಳನ್ನು ವೂಫರ್, ಟ್ವೀಟರ್‌ಗೆ ಹಂಚುವ ಸ್ಪೀಕರ್‌ನ ಕ್ರಾಸೋವರೂ ಇದ್ದ ಹಾಗೇ ಇರುತ್ತದೆ, ಇನ್ನು ಬದಲಾಗೋದೇನು? 88 ಡೆಸಿಬೆಲ್ ಸೆನ್ಸಿಟಿವಿಟಿಯ (ಕೊಟ್ಟ ಪವರ್‌ಗೆ ಎಷ್ಟು ಸದ್ದು ಬರುತ್ತದೆ ಎಂಬ ಅಳತೆ) ಈ ಸ್ಪೀಕರ್‌ಗೆ ಡೆನಾನ್‌ನ 95 ವ್ಯಾಟ್ ನಮ್ಮ ಹಾಲ್‌ನಲ್ಲಿ ಧಾರಾಳ.

ಜಂಪರ್ ವಾಪಸ್ ಹಾಕಿ, ಉಳಿದ ಎರಡು ಚಾನೆಲ್‌ಗಳನ್ನು ಅಟ್ಮಾಸ್‌ನ (ಮೇಲಿನಿಂದಲೂ ಸದ್ದು ಕೇಳಿಸುವ ಡಾಲ್ಬಿ ವ್ಯವಸ್ಥೆ) ಹೈಟ್ ಸ್ಪೀಕರ್‌ಗೆ ಕೊಟ್ಟೆ. ಸಿನಿಮಾದ ಮಳೆ ಈಗ ನಿಜವಾಗಿ ತಲೆ ಮೇಲಿಂದ ಸುರಿಯುತ್ತದೆ! ಈ 606 ಜೋಡಿಯನ್ನು ಕಣ್ಣುಮುಚ್ಚಿ ತಗೊಳ್ಳಿ. ಎರಡು ಜೋಡಿ ಟರ್ಮಿನಲ್‌ಗೂ ಬೇರೆ ಬೇರೆ ವೈರ್ ಕೊಡುವ ದುಬಾರಿ ಬೈ-ವೈರ್ ಕೇಬಲ್ ಮಾತ್ರ ಬೇಡ, 14 ಗೇಜ್‌ನ ಸಾದಾ ತಾಮ್ರದ ವೈರ್ ಸಾಕು.