ಲ್ಯಾಟೆಕ್ಸ್ ಹಾಸಿಗೆಯ ಕೆಳಗೆ: ಪೆಟ್ಟಿಗೆ ಮಂಚ, ಕಬ್ಬಿಣದ ಮಂಚ, ರೀಪಿನ ಮಂಚ

ಕರಾವಳಿಯ ಮನೆಗೆ ರೀಪಿನ ಮಂಚವೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ. ಅಡ್ಡಲಾಗಿ ಮರದ ಪಟ್ಟಿಗಳನ್ನು ಹೊಡೆದು, ನಡುನಡುವೆ ಸಂದು ಬಿಟ್ಟು, ಕೆಳಗೆ ಗಾಳಿಯಾಡಲು ಪೂರ್ತಿ ತೆರೆದಿಟ್ಟ ನಾಲ್ಕು ಕಾಲಿನ ಮಂಚವದು. ಉಡುಪಿಯ ನಮ್ಮ ಮನೆಯಲ್ಲಿ ಒಂದೇ ಹಾಸಿಗೆಯನ್ನು ಪ್ಲೈವುಡ್ಡಿನ ಪೆಟ್ಟಿಗೆ ಮಂಚ, ಕಬ್ಬಿಣದ ಮಂಚ, ಬರಿನೆಲ, ಕೊನೆಗೆ ರೀಪಿನ ಮಂಚ, ಹೀಗೆ ಎಲ್ಲದರ ಮೇಲೂ ಹಾಸಿ ಮಲಗಿ ನೋಡಿದ ಬಳಿಕ ಈ ಮಾತು ಹೇಳುತ್ತಿದ್ದೇನೆ. ಹಾಸಿಗೆ ಐದಡಿ ಅಗಲ, ಆರೂವರೆ ಅಡಿ ಉದ್ದದ ನೈಸರ್ಗಿಕ ಲ್ಯಾಟೆಕ್ಸಿನದು. ಇಬ್ಬರು ಸೇರದೆ ಅದನ್ನು ಎತ್ತಲಾಗುವುದಿಲ್ಲ.

ಪೆಟ್ಟಿಗೆ ಮಂಚದ ಆಕರ್ಷಣೆ ಎಲ್ಲರಿಗೂ ಗೊತ್ತಿರುವುದೇ. ಹಲಗೆಯನ್ನು ಎತ್ತಿದರೆ ಕಂಬಳಿ, ರಜಾಯಿ, ಹಳೆಯ ಸೂಟ್‌ಕೇಸು ಎಲ್ಲವೂ ಒಳಗೆ ಅಡಗುತ್ತವೆ. ನಮ್ಮದಕ್ಕೆ ಹೈಡ್ರಾಲಿಕ್ ಕೈಗಳಿದ್ದವು. ಮೇಲಿನ ಹಲಗೆ 18 ಮಿಲಿಮೀಟರ್ ಪ್ಲೈವುಡ್ಡಿನದು, ಅದರ ಮೇಲೆ ನುಣುಪಾದ ಮೈಕಾ ಹೊದಿಕೆ. ನೀರಿಗೆ ಜಗ್ಗದ ಪ್ಲೈವುಡ್ಡು, ಐಎಸ್ 710 ಗುರುತಿನದು, ಮಳೆಗಾಲಕ್ಕೆ ಏನೂ ಆಗುವುದಿಲ್ಲ ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರು. ಪ್ಲೈವುಡ್ಡಿಗೆ ನಿಜಕ್ಕೂ ಏನೂ ಆಗಲಿಲ್ಲ. ಕೆಟ್ಟದ್ದು ಹಾಸಿಗೆ.

ಜುಲೈ ತಿಂಗಳ ಕೊನೆಯಲ್ಲಿ ಕೋಣೆಯೊಳಗೆ ಒದ್ದೆ ಗೋಣಿಚೀಲದಂಥ ವಾಸನೆ ಶುರುವಾಯಿತು. ಮೇಲುಹಾಸು ತೊಳೆದರೂ, ನೆಲ ಒರೆಸಿದರೂ ಅದು ಹೋಗಲಿಲ್ಲ. ಕೊನೆಗೆ ಹಾಸಿಗೆಯನ್ನು ಎತ್ತಿ ನೋಡಿದಾಗ ಮೈಕಾದ ಮೇಲೆ ಬೆವರಿನಂತೆ ಸಣ್ಣ ನೀರಹನಿಗಳಿದ್ದವು. ಹಾಸಿಗೆಯ ಅಡಿಬಟ್ಟೆಯಲ್ಲಿ ನಾವಿಬ್ಬರು ಮಲಗುವ ಜಾಗದಲ್ಲಿಯೇ, ಭುಜದಿಂದ ಸೊಂಟದವರೆಗೆ, ಬೂದುಹಸಿರು ಬೂಷ್ಟು ಎರಡು ಉದ್ದನೆಯ ಪಟ್ಟೆಗಳಾಗಿ ಹಬ್ಬಿತ್ತು. ಜಾರದಿರಲೆಂದು ಆ ಬಟ್ಟೆಗೆ ಅಂಟಿಸಿದ್ದ ರಬ್ಬರ್ ಚುಕ್ಕೆಗಳ ಸುತ್ತ ಅದು ಇನ್ನೂ ದಟ್ಟವಾಗಿತ್ತು.

ಇದರ ಕಾರಣ ಸರಳವಾದದ್ದು. ರಾತ್ರಿಯಿಡೀ ಮೈಯಿಂದ ಹೊರಡುವ ಬಿಸಿಯೂ ಬೆವರಿನ ಆವಿಯೂ ಹಾಸಿಗೆಯೊಳಗೆ ಇಳಿಯುತ್ತವೆ. ಲ್ಯಾಟೆಕ್ಸಿನಲ್ಲಿ ಸೂಜಿರಂಧ್ರಗಳಿರುವುದರಿಂದ ಆವಿ ತಳದವರೆಗೂ ಸಾಗುತ್ತದೆ, ಅಲ್ಲಿ ತಣ್ಣಗಿನ, ಏನನ್ನೂ ಹೀರಿಕೊಳ್ಳದ ಮೈಕಾ ಸಿಕ್ಕೊಡನೆ ನೀರಾಗಿ ನಿಲ್ಲುತ್ತದೆ. ಒಣಹವೆಯ ಊರಾದರೆ ಅದು ಹಗಲಿನಲ್ಲಿ ಅಂಚುಗಳಿಂದಲಾದರೂ ಆರೀತು; ಗಾಳಿಯ ತೇವಾಂಶ ದಿನಗಟ್ಟಲೆ ಶೇಕಡ 80ರ ಮೇಲೆಯೇ ಇರುವ ನಮ್ಮ ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಗಾಲದಲ್ಲಿ, ಆರಲು ದಾರಿಯೇ ಇಲ್ಲ. ಹತ್ತಿಯ ಹಾಸಿಗೆಯಾಗಿದ್ದರೆ ಬಿಸಿಲು ಬಿದ್ದ ದಿನ ಅಂಗಳಕ್ಕೆ ಎಳೆದು ಹಾಕಬಹುದಿತ್ತು. ಲ್ಯಾಟೆಕ್ಸನ್ನು ನೇರ ಬಿಸಿಲಿಗೆ ಒಡ್ಡಿದರೆ ಅದು ಗಡುಸಾಗಿ ಪುಡಿಯುದುರುತ್ತದೆ. ಗೋಡೆಗೆ ಆನಿಸಿ ಫ್ಯಾನಿನ ಗಾಳಿಯಲ್ಲಿ ಒಣಗಿಸುವುದಷ್ಟೇ ಉಪಾಯ.

ಹಲಗೆಗೆ ಒಂದೊಂದು ಇಂಚಿನ ತೂತು ಕೊರೆಸಿದರೆ ಸರಿಹೋಗುತ್ತದೆ ಎಂದು ಹಲವರು ಸಲಹೆ ನೀಡುತ್ತಾರೆ. ನಾವು ಆಚಾರಿಯನ್ನು ಕರೆಸಿ ಅದನ್ನೂ ಮಾಡಿಸಿದೆವು. ಹನಿ ಕಟ್ಟುವುದು ಸ್ವಲ್ಪ ಕಡಿಮೆಯಾಯಿತೆಂಬುದು ನಿಜ, ಆದರೆ ತೂತಿನಿಂದ ಇಳಿದ ಆವಿ ಸೇರುವುದು ಮುಚ್ಚಿದ ಪೆಟ್ಟಿಗೆಯನ್ನೇ ತಾನೇ? ಆ ಮುಗ್ಗಲು ವಾಸನೆ ಒಳಗಿದ್ದ ಕಂಬಳಿಗಳಿಗೂ ಹತ್ತಿತು. ಕೆಳಭಾಗ ತೆರೆದಿದ್ದರೆ ಮಾತ್ರ ತೂತಿಗೆ ಬೆಲೆ. ವಾರಂಟಿಯ ಕಡೆಯಿಂದಲೂ ನೆರವು ಸಿಗಲಿಲ್ಲ: ಕಲೆ ಮತ್ತು ತೇವದ ಹಾನಿಯನ್ನು ವಾರಂಟಿಯಿಂದ ಹೊರಗಿಡುವ ಸಾಲು ಪತ್ರದಲ್ಲಿ ಸ್ಪಷ್ಟವಾಗಿತ್ತು.

ಕಬ್ಬಿಣದ ಮಂಚ ಎಲ್ಲಕ್ಕಿಂತ ಅಗ್ಗ, ಸಾಗಿಸಲು ಸುಲಭ. ಆದರೆ ನಾವು ಬಳಸಿದ್ದರಲ್ಲಿ ಅಡ್ಡಪಟ್ಟಿಗಳ ನಡುವೆ ಒಂದು ಗೇಣು ಅಂತರವಿತ್ತು, ಲ್ಯಾಟೆಕ್ಸ್ ಆ ಸಂದಿಗೆ ಇಳಿದು ಅಲೆಯಲೆಯಾಗಿ ನಿಲ್ಲುತ್ತಿತ್ತು. ಅದನ್ನು ತಪ್ಪಿಸಲು ಮೇಲೊಂದು ಪ್ಲೈವುಡ್ ಹಾಳೆ ಹಾಸಿದರೆ ಮತ್ತದೇ ಬೂಷ್ಟಿನ ಕತೆ. ವೆಲ್ಡಿಂಗ್ ಮಾಡಿದ ಜಾಗದಲ್ಲಿ ಉಪ್ಪುಗಾಳಿಗೆ ತುಕ್ಕು ಬೇಗ ಹಿಡಿಯುತ್ತದೆ.

ನೆಲ ಬೇಡವೇ ಬೇಡ. ಹಿರಿಯರು ನೆಲದ ಮೇಲೆ ಮಲಗುತ್ತಿದ್ದರು ಎನ್ನುವವರು, ಅವರು ಬೆಳಗೆದ್ದು ಹಾಸಿಗೆ ಸುತ್ತಿಡುತ್ತಿದ್ದರು ಎಂಬುದನ್ನೂ ನೆನೆಯಬೇಕು. ಈ ಭಾರದ ಹಾಸಿಗೆಯನ್ನು ದಿನವೂ ಸುತ್ತಿಡುವವರು ಯಾರು?

ಇನ್ನು ರೀಪಿನ ಮಂಚದ ವಿಷಯ. ಅಂಗಡಿಯಲ್ಲಿ ಸಿಗುವ ಎಲ್ಲ ಪಟ್ಟಿ ಮಂಚಗಳೂ ಒಳ್ಳೆಯವಲ್ಲ, ಅಳತೆಯೇ ಇಲ್ಲಿ ಮುಖ್ಯ. ಲ್ಯಾಟೆಕ್ಸಿಗಾಗಲಿ ಮೆಮೊರಿ ಫೋಮಿಗಾಗಲಿ ಪಟ್ಟಿಗಳ ನಡುವಿನ ಸಂದು ಮೂರು ಇಂಚನ್ನು ಮೀರಬಾರದು, ಎರಡೇ ಇದ್ದರೆ ಇನ್ನೂ ಉತ್ತಮ. ಮೂರಿಂಚು ಅಗಲದ ರೀಪುಗಳನ್ನು ಎರಡಿಂಚು ಬಿಟ್ಟು ಹೊಡೆದರೆ 78 ಇಂಚಿನ ಉದ್ದಕ್ಕೆ ಸರಿಯಾಗಿ ಹದಿನಾರು ರೀಪು ಹಿಡಿಸುತ್ತವೆ. ಹಾಸಿಗೆಯ ತಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಗಾಳಿಗೆ ತೆರೆದಿರುತ್ತದೆ. ನಾವು ಚೆನ್ನಾಗಿ ಒಣಗಿದ ಹಲಸಿನ ಮರದಿಂದ ಮುಕ್ಕಾಲು ಇಂಚು ದಪ್ಪದ ರೀಪು ಸೀಳಿಸಿದೆವು. ಹಾಸಿಗೆಯ ಬಟ್ಟೆಗೆ ಸಿಬಿರು ಸಿಕ್ಕಿಕೊಳ್ಳದಂತೆ ಅಂಚುಗಳನ್ನು ಉಜ್ಜಿಸುವುದು ಅಗತ್ಯ.

ಹಲವರು ಕಡೆಗಣಿಸುವ ಇನ್ನೊಂದು ಭಾಗವೆಂದರೆ ನಡುತೊಲೆ. ತಲೆಯಿಂದ ಕಾಲಿನ ಕಡೆಗೆ ಮಂಚದ ನಟ್ಟನಡುವೆ ಒಂದು ತೊಲೆಯಿದ್ದು, ಅದರ ಮಧ್ಯಕ್ಕೆ ನೆಲ ಮುಟ್ಟುವ ಕಾಲೊಂದು ಇರಲೇಬೇಕು. ಆಸರೆಯಿಲ್ಲದ ಉದ್ದ ಅರ್ಧಕ್ಕಿಳಿದರೆ ಅದೇ ಭಾರಕ್ಕೆ ರೀಪು ಬಾಗುವುದು ಸುಮಾರು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಇಬ್ಬರೂ ನಡುವಿಗೆ ಉರುಳಿಬರುವ ಮಂಚಗಳಲ್ಲಿ ದೋಷ ಹಾಸಿಗೆಯದ್ದಾಗಿರದೆ, ಬಹಳ ಸಲ ಈ ಕಾಲು ಇಲ್ಲದಿರುವುದೇ ಕಾರಣವಾಗಿರುತ್ತದೆ. ಬೆಂಗಳೂರಿನ ನಾಗಸಂದ್ರದಲ್ಲಿರುವ ಐಕಿಯಾದಂಥ ಮಳಿಗೆಗಳಲ್ಲಿ ಪಟ್ಟಿಯ ತಳವನ್ನು ಬಿಡಿಯಾಗಿಯೇ ಮಾರುತ್ತಾರೆ. ಅವುಗಳಲ್ಲಿ ಬಿಲ್ಲಿನಂತೆ ಬಾಗಿದ, ಪುಟಿಯುವ ಪಟ್ಟಿಗಳಿರುವ ಬಗೆಯೂ ಉಂಟು. ಗಟ್ಟಿ ಹಾಸಿಗೆಗೆ ಅದು ಹಿತವಾದೀತು, ಮೊದಲೇ ಮೆತ್ತಗಿರುವ ಲ್ಯಾಟೆಕ್ಸಿಗೆ ಚಪ್ಪಟೆ ರೀಪೇ ನನಗೆ ಒಪ್ಪಿಗೆ.

ರೀಪು ಚೌಕಟ್ಟಿಗೆ ತಾಗುವಲ್ಲಿ ಮೊದಲಿಗೆ ಕಿರ್ ಎಂಬ ಸದ್ದಿತ್ತು, ಫೆಲ್ಟ್ ಪಟ್ಟಿ ಅಂಟಿಸಿದ ಮೇಲೆ ನಿಂತಿತು. ಆ ನಂತರದ ಮಳೆಗಾಲದಲ್ಲಿ ಹಾಸಿಗೆಯ ತಳಕ್ಕೆ ಕೈಯಾಡಿಸಿದಾಗಲೆಲ್ಲ ಬಟ್ಟೆ ಒಣಗಿಯೇ ಇತ್ತು. ಕಂಬಳಿಗಳಿಗೆ ಬೇರೆ ಜಾಗ ಹುಡುಕಬೇಕಾಯಿತು. ಅಟ್ಟವಿರುವ ಮನೆಯಾದ್ದರಿಂದ ನಮಗದು ಹೊರೆಯೆನಿಸಲಿಲ್ಲ.

ಕಲಬುರಗಿ, ಬಳ್ಳಾರಿಗಳ ಒಣಹವೆಯಲ್ಲಿ, ಒಂದೇ ಕೋಣೆಯ ಮನೆಯಲ್ಲಿ ವಾಸಿಸುವವರಿಗೆ ಪೆಟ್ಟಿಗೆ ಮಂಚ ಬೇಡವೆನ್ನಲು ನನ್ನಲ್ಲಿ ಕಾರಣವಿಲ್ಲ. ಅಲ್ಲಿಯೂ ಮೈಕಾ ಹೊದಿಕೆಯಿಲ್ಲದ ಹಲಗೆಯನ್ನೇ ಕೇಳಿ ಹಾಕಿಸಿಕೊಳ್ಳಲಿ. ಕರಾವಳಿಯಲ್ಲೋ ಮಲೆನಾಡಿನಲ್ಲೋ ಈಗಾಗಲೇ ಪೆಟ್ಟಿಗೆ ಮಂಚ ಕೊಂಡಿರುವವರು ಹೊಸ ಮಂಚಕ್ಕೆ ದುಡ್ಡು ಸುರಿಯುವ ಮೊದಲು, ಮೇಲಿನ ಹಲಗೆಯನ್ನು ತೆಗೆಸಿ ರೀಪು ಹೊಡೆಸಿ, ಪಕ್ಕದ ಹಲಗೆಗಳಲ್ಲಿ ಎದುರುಬದುರಾಗಿ ಗಾಳಿಕಿಂಡಿ ಬಿಡಿಸಿ, ಒಳಗಿನ ಸಾಮಾನು ಖಾಲಿ ಮಾಡಲಿ. ನಮ್ಮದನ್ನು ಹೀಗೆಯೇ ಮಾರ್ಪಡಿಸಿ ಅತಿಥಿಗಳ ಕೋಣೆಯಲ್ಲಿಟ್ಟಿದ್ದೇವೆ. ಮರ, ಕೂಲಿ ಸೇರಿ ಖರ್ಚು ನಾಲ್ಕು ಸಾವಿರ ರೂಪಾಯಿಯನ್ನು ದಾಟಲಿಲ್ಲ.