ಇದ್ದಿಲೋ, ತೆಂಗಿನ ಸಿಪ್ಪೆಯೋ, ಪಾಚಿಯೋ: ಕಾರವಾರದ ಮಳೆಯಲ್ಲಿ ಆರ್ಕಿಡ್ ಬೇರು

ನಾಲ್ಕು ವರ್ಷಗಳ ಹಿಂದೆ, ಆಗಸ್ಟ್ ತಿಂಗಳಲ್ಲಿ, ಎಲೆ ಸೊರಗಿದ್ದ, ಡೆಂಡ್ರೋಬಿಯಂ ಎಂಬ ಬಗೆಯ ಒಂದು ಆರ್ಕಿಡ್ ಗಿಡವನ್ನು ಕುಂಡದಿಂದ ಹೊರತೆಗೆದೆ. ಒಂದು ಬೇರನ್ನು ಹಿಡಿದು ಮೆಲ್ಲಗೆ ಎಳೆದಾಗ ಹೊರಗಿನ ಕಂದು ಪದರ ನೆನೆದ ಕಾಗದದಂತೆ ಜಾರಿ ಬೆರಳಿಗೆ ಅಂಟಿಕೊಂಡಿತು; ಒಳಗೆ ಉಳಿದದ್ದು ದಾರದಂಥ ಒಂದು ಎಳೆ ಮಾತ್ರ. ನೀರು ಸಾಲದೆ ಗಿಡ ಬಾಡುತ್ತಿದೆ ಎಂದು ತಿಳಿದು ನಾನು ಅದಕ್ಕೆ ಹದಿನೈದು ದಿನಗಳಿಂದ ಹೆಚ್ಚು ನೀರು ಹಾಕುತ್ತಿದ್ದೆ. ಗಿಡ ಬಾಯಾರಿದ್ದು ನಿಜ, ಆದರೆ ನೀರು ಕುಡಿಯಲು ಅದಕ್ಕೆ ಬೇರೇ ಉಳಿದಿರಲಿಲ್ಲ.

ಆರ್ಕಿಡ್ ಬೇರಿನ ಹೊರಮೈಯಲ್ಲಿ ವೆಲಾಮೆನ್ ಎಂಬ ಸ್ಪಂಜಿನಂಥ ಪದರವಿರುತ್ತದೆ. ಒಣಗಿದಾಗ ಬೆಳ್ಳಿಬಣ್ಣಕ್ಕೆ ತಿರುಗುವ ಈ ಪದರ ನೀರು ಬಿದ್ದ ಕೆಲವೇ ನಿಮಿಷಗಳಲ್ಲಿ ಹಸಿರಾಗುತ್ತದೆ. ಮರದ ಕೊಂಬೆಯ ಮೇಲೆ ಬೆಳೆಯುವ ಗಿಡದ ಬೇರು ಮಳೆ ನಿಂತೊಡನೆ ಗಾಳಿಗೆ ಒಣಗುತ್ತದೆ, ಮತ್ತೆ ನೆನೆಯುತ್ತದೆ. ಒಣಗಲು ಅವಕಾಶವೇ ಇಲ್ಲದೆ ದಿನಗಟ್ಟಲೆ ನೆನೆದೇ ಇದ್ದರೆ ಉಸಿರುಗಟ್ಟಿ ಕೊಳೆಯುತ್ತದೆ. ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುವ ಕಾರವಾರದಲ್ಲಿ, ಯಾವ ಮಾಧ್ಯಮ, ಅಂದರೆ ಕುಂಡದಲ್ಲಿ ಬೇರಿನ ಸುತ್ತ ತುಂಬುವ ವಸ್ತು, ಎಷ್ಟು ನೀರು ಹಿಡಿಯುತ್ತದೆ ಎಂಬುದಕ್ಕಿಂತ ಯಾವುದು ಎಷ್ಟು ಬೇಗ ನೀರು ಬಿಡುತ್ತದೆ ಎಂಬುದೇ ಮುಖ್ಯವೆಂದು ನನಗೆ ಆಗ ಹೊಳೆಯಿತು. ಅದೇ ಸೆಪ್ಟೆಂಬರ್ ಕೊನೆಯಲ್ಲಿ ಒಂದೇ ಜಾತಿಯ ಹನ್ನೆರಡು ಡೆಂಡ್ರೋಬಿಯಂ ಗಿಡಗಳನ್ನು ತೆಂಗಿನ ಸಿಪ್ಪೆ, ಸ್ಫ್ಯಾಗ್ನಮ್ ಪಾಚಿ ಮತ್ತು ಮರದ ಇದ್ದಿಲು, ಈ ಮೂರರಲ್ಲಿ ನಾಲ್ಕು ನಾಲ್ಕರಂತೆ ನೆಟ್ಟು, ಎಲ್ಲವನ್ನೂ ಜಗಲಿಯ ಒಂದೇ ಸಾಲಿನಲ್ಲಿ ತೂಗುಹಾಕಿದೆ.

ತೆಂಗಿನ ಸಿಪ್ಪೆ ನಮ್ಮ ಕರಾವಳಿಯಲ್ಲಿ ದುಡ್ಡು ಕೊಡದೆ ಸಿಗುತ್ತದೆ. ಒಂದು ಅಂಗುಲದ ತುಂಡುಗಳಾಗಿ ಕತ್ತರಿಸಿ, ಮೂರು ದಿನ ನೀರಿನಲ್ಲಿ ನೆನೆಸಿ, ದಿನವೂ ನೀರು ಬದಲಿಸಿ, ಚಹಾದ ಬಣ್ಣ ಬಿಡುವುದು ನಿಂತ ಮೇಲೆ ಬಳಸಬೇಕು. ಹಿನ್ನೀರಿನ ಉಪ್ಪುನೀರಿನಲ್ಲಿ ಕೊಳೆಹಾಕಿದ ಸಿಪ್ಪೆಯನ್ನು ಮುಟ್ಟಬಾರದು, ಅದರ ಉಪ್ಪಿನಿಂದ ಬೇರಿನ ತುದಿ ಕಪ್ಪಾಗುತ್ತದೆ. ಅಕ್ಟೋಬರ್‌ನಿಂದ ಮೇವರೆಗೆ ಸಿಪ್ಪೆಯ ಗಿಡಗಳೇ ಎಲ್ಲಕ್ಕಿಂತ ಚೆನ್ನಾಗಿದ್ದವು: ಹೊಸ ಕಾಂಡಗಳು ದಪ್ಪವಾಗಿ ಬಂದವು, ಬಿಸಿಲಿನ ದಿನಗಳಲ್ಲೂ ಬೆಳಿಗ್ಗೆ ಒಮ್ಮೆ ನೀರು ಹಾಕಿದರೆ ಸಾಕಾಗುತ್ತಿತ್ತು. ಮಳೆ ಹಿಡಿದ ಮೇಲೆ ಚಿತ್ರ ಬದಲಾಯಿತು. ಜುಲೈಯಲ್ಲಿ ಮೇಲಿನ ತುಂಡುಗಳು ಒಣಗಿದಂತೆ ಕಂಡರೂ ಬೆರಳನ್ನು ಒಳಗೆ ತೂರಿಸಿದರೆ ತಣ್ಣನೆಯ ತೇವ. ಎರಡನೆಯ ಮಳೆಗಾಲದ ಹೊತ್ತಿಗೆ ಸಿಪ್ಪೆ ಮೆತ್ತಗಾಗಿ ಕುಂಡದ ತಳದಲ್ಲಿ ಹಿಟ್ಟಿನಂತೆ ಕೂತಿತ್ತು. ನಾಲ್ಕರಲ್ಲಿ ಎರಡು ಗಿಡಗಳು ಹೆಚ್ಚಿನ ಬೇರನ್ನು ಕಳೆದುಕೊಂಡವು.

ಪಾಚಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ತನ್ನ ತೂಕದ ಹತ್ತಾರು ಪಟ್ಟು ನೀರು ಹಿಡಿಯುವ ವಸ್ತುವನ್ನು ಕರಾವಳಿಯ ಮಳೆಗಾಲದಲ್ಲಿ ದೊಡ್ಡ ಗಿಡಕ್ಕೆ ಹಾಕುವುದು ತಪ್ಪು, ಬೆಲೆಯೂ ಹೆಚ್ಚು. ಮೊದಲ ಮಳೆಗಾಲದಲ್ಲೇ ಮೂರು ಗಿಡಗಳು ಹೋದವು, ನಾಲ್ಕನೆಯದನ್ನು ಇದ್ದಿಲಿಗೆ ವರ್ಗಾಯಿಸಿ ಉಳಿಸಿಕೊಂಡೆ.

ಇದ್ದಿಲಿನಲ್ಲಿ ನೆಟ್ಟ ನಾಲ್ಕು ಗಿಡಗಳೂ ಇಂದಿಗೂ ಇವೆ. ಹೆಬ್ಬೆರಳ ಗಾತ್ರದ ಮರದ ಇದ್ದಿಲನ್ನು ಪುಡಿ ಹೋಗುವಂತೆ ತೊಳೆದು, ತಳಕ್ಕೆ ಹಳೆಯ ಮಂಗಳೂರು ಹಂಚಿನ ಚೂರುಗಳನ್ನು ಹಾಕಿ, ಪಕ್ಕದಲ್ಲೂ ತೂತುಗಳಿರುವ ಮಣ್ಣಿನ ಕುಂಡದಲ್ಲಿ ತುಂಬಿದ್ದೆ. ಇಡೀ ದಿನ ಮಳೆ ಬಡಿದರೂ ಎರಡು ತಾಸು ಹೊಳವಾದರೆ ಸಾಕು, ಬೇರು ಬೆಳ್ಳಿಬಣ್ಣಕ್ಕೆ ಮರಳುತ್ತದೆ. ಇದ್ದಿಲು ಕೊಳೆಯುವುದಿಲ್ಲವಾದ್ದರಿಂದ ತಳದಲ್ಲಿ ಹಿಟ್ಟಾಗಿ ಕೂರುವ ಪ್ರಶ್ನೆಯೇ ಇಲ್ಲ. ಆದರೆ ಇದರಲ್ಲೂ ಕೊರತೆಗಳಿವೆ. ಏಪ್ರಿಲ್, ಮೇ ತಿಂಗಳಲ್ಲಿ ದಿನಕ್ಕೆ ಎರಡು ಸಲ ನೀರು ಕೊಡದಿದ್ದರೆ ಕಾಂಡ ಸುಕ್ಕುಗಟ್ಟುತ್ತದೆ. ಇದ್ದಿಲಿನಿಂದ ಗಿಡಕ್ಕೆ ಪೋಷಕಾಂಶ ದಕ್ಕುವುದಿಲ್ಲ, ತೆಳುವಾಗಿ ಕರಗಿಸಿದ ಗೊಬ್ಬರವನ್ನು ವಾರಕ್ಕೊಮ್ಮೆ ಸಿಂಪಡಿಸಲೇಬೇಕು. ಗೊಬ್ಬರದ ಲವಣ ಇದ್ದಿಲಿನಲ್ಲಿ ಉಳಿದುಕೊಳ್ಳುವುದರಿಂದ ತಿಂಗಳಿಗೊಮ್ಮೆ ಧಾರಾಳವಾಗಿ ನೀರು ಹಾಯಿಸಿ ತೊಳೆಯಬೇಕು. ಇನ್ನೊಂದು ಸಂಗತಿ ನನಗೆ ತಡವಾಗಿ ತಿಳಿಯಿತು: ಇದ್ದಿಲು ಹಗುರವಾದ್ದರಿಂದ ಗಿಡ ಗಾಳಿಗೆ ಅಲುಗಾಡುತ್ತದೆ, ಹಾಗೆ ಅಲುಗಾಡಿದರೆ ಹೊಸ ಬೇರಿನ ಎಳೆಯ ಹಸಿರು ತುದಿ ಉಜ್ಜಿ ಬೆಳವಣಿಗೆ ನಿಲ್ಲುತ್ತದೆ. ಕಾಂಡವನ್ನು ಬಿದಿರುಕಡ್ಡಿಗೆ ಬಿಗಿಯಾಗಿ ಕಟ್ಟಿದ ಮೇಲೆ ಬೇರುಗಳು ಇದ್ದಿಲನ್ನು ಎಷ್ಟು ಗಟ್ಟಿಯಾಗಿ ಹಿಡಿದವೆಂದರೆ, ಕುಂಡ ಬದಲಿಸುವಾಗ ಅಂಟಿದ ಚೂರುಗಳನ್ನು ಬಿಡಿಸದೆ ಬೇರಿನೊಡನೆಯೇ ಹೊಸ ಕುಂಡಕ್ಕೆ ಇಳಿಸುವುದನ್ನು ನಾನು ರೂಢಿ ಮಾಡಿಕೊಂಡಿದ್ದೇನೆ.

ಘಟ್ಟದ ಮೇಲೆ, ಇದ್ದಿಲೇ ಮೇಲು ಎಂಬ ಈ ತೀರ್ಪು ಹಾಗೆಯೇ ನಿಲ್ಲುವುದಿಲ್ಲ. ಶಿರಸಿಯಲ್ಲಿರುವ ಅಕ್ಕನಿಗೆ ಎರಡು ಕುಂಡ ಕೊಟ್ಟಿದ್ದೆ. "ನಮ್ಮಲ್ಲಿ ಜನವರಿಯಲ್ಲಿ ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೇ ಆರಿಹೋಗುತ್ತದೆ ತಂಗಿ, ನಾಲ್ಕು ತುಂಡು ಸಿಪ್ಪೆಯನ್ನಾದರೂ ಸೇರಿಸಿ ಕೊಡು" ಎಂದು ಅವಳು ಹೇಳಿದ್ದು ಸರಿಯಾಗಿತ್ತು. ಸುಮಾರು 600 ಮೀಟರ್ ಎತ್ತರದ ಆ ಊರಿನ ಒಣ ಚಳಿಗೆ ಇದ್ದಿಲು ಮತ್ತು ಸಿಪ್ಪೆ ಸಮಪಾಲಿನ ಮಿಶ್ರಣ ಹೊಂದಿತು. ಮಳೆಗಾಲದಲ್ಲಿ ಆಕೆ ಕುಂಡಗಳನ್ನು ಮಾಡಿನ ಒಳಬದಿಗೆ ಸರಿಸುತ್ತಾಳೆ.

ಗಿಡ ಹೆಚ್ಚಿಸುವ ವಿಧಾನಗಳಲ್ಲಿ ನಾನು ಮೊದಲ ಸ್ಥಾನ ಕೊಡುವುದು ಬುಡ ಒಡೆದು ನೆಡುವುದಕ್ಕೆ. ಪ್ರತಿ ಪಾಲಿನಲ್ಲೂ ಕನಿಷ್ಠ ಮೂರು ಕಾಂಡಗಳು, ಅವುಗಳಲ್ಲಿ ಒಂದಾದರೂ ಹೊಸದು ಇರಬೇಕು. ಹಾಗೆ ಒಡೆದವು ಮರುವರ್ಷವೇ ಹೂಬಿಟ್ಟವು. ಎರಡೇ ಕಾಂಡಗಳಿದ್ದ ಪಾಲು ಚೇತರಿಸಲು ಎರಡು ವರ್ಷ ತೆಗೆದುಕೊಂಡಿತು. ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವ ಮೊದಲು ಚಾಕುವನ್ನು ಬೆಂಕಿಯಲ್ಲಿ ಕಾಯಿಸಲೇಬೇಕು, ಏಕೆಂದರೆ ಆರ್ಕಿಡ್ ವೈರಸ್‌ಗಳು ರಸದ ಮೂಲಕ ಹರಡುತ್ತವೆ, ಅವಕ್ಕೆ ಮದ್ದಿಲ್ಲ.

ಕಾಂಡದ ಗೆಣ್ಣಿನಲ್ಲಿ ತಾನಾಗಿ ಹುಟ್ಟುವ ಮರಿ, ಅಂದರೆ ಕೀಕಿ, ಸುಲಭದ ದಾರಿಯಂತೆ ಕಾಣುತ್ತದೆ. ನನ್ನ ಹನ್ನೆರಡು ಗಿಡಗಳಲ್ಲಿ ಅತಿ ಹೆಚ್ಚು ಮರಿ ಹಾಕಿದ್ದು ಬೇರು ಕೊಳೆತ ಸಿಪ್ಪೆಯ ಗಿಡಗಳು. ಹಾಗಾಗಿ ಮರಿ ಕಂಡು ಹಿಗ್ಗುವ ಮೊದಲು ತಾಯಿಗಿಡದ ಬೇರನ್ನು ಪರೀಕ್ಷಿಸಬೇಕು. ಮರಿಗೆ ಎರಡು ಅಂಗುಲದ ಮೂರು ನಾಲ್ಕು ಬೇರುಗಳು ಬರುವ ತನಕ ಬಿಡಿಸಬಾರದು. ಪಾಚಿ ತನ್ನ ಬೆಲೆಯನ್ನು ತೀರಿಸುವುದು ಇಲ್ಲಿಯೇ: ಬಿಡಿಸಿದ ಮರಿಯ ಬೇರಿಗೆ ಒಂದು ಹಿಡಿ ಪಾಚಿ ಸುತ್ತಿ, ಮಳೆ ತಾಗದ ಕಿಟಕಿಯ ಬಳಿ ಇಟ್ಟರೆ ಬೇಗ ಕೂರುತ್ತದೆ.

ಎಲೆ ಉದುರಿದ ಹಳೆಯ ಕಾಂಡವನ್ನು ತುಂಡರಿಸಿ ಒದ್ದೆ ಪಾಚಿಯ ಮೇಲೆ ಮಲಗಿಸುವುದು ತಾಳ್ಮೆಯ ಕೆಲಸ. ಒಂಬತ್ತು ತುಂಡುಗಳಲ್ಲಿ ನಾಲ್ಕು ಚಿಗುರಿದವು, ಯಾವುದೂ ಇನ್ನೂ ಹೂಬಿಟ್ಟಿಲ್ಲ. ಫೆಲನಾಪ್ಸಿಸ್ ಎಂಬ ಇನ್ನೊಂದು ಬಗೆಯ ಆರ್ಕಿಡ್‌ಗೆ ಒಂದೇ ಬುಡವಾದ್ದರಿಂದ ಒಡೆಯಲು ಬರುವುದಿಲ್ಲ. ಅದರ ಹೂದಂಟಿನ ಗೆಣ್ಣಿಗೆ ಸೈಟೋಕೈನಿನ್ ಎಂಬ, ಚಿಗುರೊಡೆಸುವ ಸಸ್ಯ ಹಾರ್ಮೋನಿನ ಲೇಪ ಹಚ್ಚಿ ಎರಡು ಸಲ ಪ್ರಯತ್ನಿಸಿದೆ, ಒಮ್ಮೆ ಮರಿ ಬಂತು, ಒಮ್ಮೆ ಹೂವಿನ ಕವಲು ಬಂತು.

ಬದುಕಿ ಉಳಿದ ಸಿಪ್ಪೆಯ ಎರಡು ಕುಂಡಗಳನ್ನು ಈ ಸೆಪ್ಟೆಂಬರ್ ಕೊನೆಯಲ್ಲಿ ಇದ್ದಿಲಿಗೆ ಬದಲಿಸಲಿದ್ದೇನೆ. ಹೊಸ ಕಾಂಡದ ಬುಡದಲ್ಲಿ ಅರ್ಧ ಅಂಗುಲದ ಹಸಿರು ಬೇರು ಕಂಡ ವಾರವೇ ಆ ಕೆಲಸಕ್ಕೆ ತಕ್ಕ ಸಮಯ.