ಚೆಕ್‌ಡಿಸ್ಕ್: ಫೈಲ್ ಸಿಸ್ಟಂ ದುರಸ್ತಿಗೆ ಒಳ್ಳೆಯದು, ಕೆಟ್ಟ ಡಿಸ್ಕಿಗೆ ಅಪಾಯ

ವಿಂಡೋಸಿಗೂ ಹಿಂದಿನ ಡಾಸ್ ಕಾಲದಿಂದ ಬಂದಿರುವ ಚೆಕ್‌ಡಿಸ್ಕ್ (chkdsk), ಫೈಲ್ ಸಿಸ್ಟಮನ್ನು, ಅಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಟ್ಟು ಲೆಕ್ಕವಿಡುವ ವ್ಯವಸ್ಥೆಯನ್ನು, ಪರೀಕ್ಷಿಸಿ ತಿದ್ದುವ, ವಿಂಡೋಸ್ ಇರುವ ಪ್ರತಿ ಕಂಪ್ಯೂಟರಿನಲ್ಲೂ ಉಚಿತವಾಗಿ ಸಿಗುವ ಉಪಕರಣ. ಡ್ರೈವ್ ತೆರೆಯದಿದ್ದಾಗ ಮೊದಲು ಓಡಿಸಬೇಕಾದದ್ದು ಇದನ್ನೇ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಆ ಸಲಹೆಯನ್ನು ನಾನು ಅರ್ಧದಷ್ಟು ಮಾತ್ರ ಒಪ್ಪುತ್ತೇನೆ.

ಒಂದು ಫೈಲನ್ನು ಉಳಿಸುವಾಗ ಅದರ ವಿಷಯ ಡಿಸ್ಕಿನ ಕ್ಲಸ್ಟರುಗಳಿಗೆ (ಸಮಗಾತ್ರದ ಚಿಕ್ಕ ಭಾಗಗಳಿಗೆ) ಹೋಗುತ್ತದೆ. ಆ ಕ್ಲಸ್ಟರುಗಳು ಭರ್ತಿಯಾಗಿವೆ ಎಂಬ ಗುರುತು ಮತ್ತು ಅವು ಯಾವ ಫೈಲಿಗೆ ಸೇರಿದವು ಎಂಬ ದಾಖಲೆ ಬೇರೆ ಬೇರೆ ಕಡೆ ಬರೆಯಲ್ಪಡುತ್ತವೆ. ಈ ಕೆಲಸದ ನಡುವೆ ಕರೆಂಟ್ ಹೋದರೆ, ಅಥವಾ ಜೆರಾಕ್ಸ್ ಅಂಗಡಿಯಲ್ಲಿ ಕಾಪಿ ಮುಗಿಯುವ ಮೊದಲೇ ಪೆನ್ ಡ್ರೈವ್ ಕಿತ್ತರೆ, ಮಾಲೀಕನಿಲ್ಲದ ಕ್ಲಸ್ಟರುಗಳೂ ಒಂದೇ ಕ್ಲಸ್ಟರನ್ನು ತನ್ನದೆನ್ನುವ ಎರಡು ಫೈಲುಗಳೂ ಉಂಟಾಗುತ್ತವೆ. 1993ರಲ್ಲಿ ವಿಂಡೋಸ್ ಎನ್‌ಟಿ 3.1ರೊಂದಿಗೆ ಬಂದ ಎನ್‌ಟಿಎಫ್‌ಎಸ್ ಎಂಬ ಫೈಲ್ ಸಿಸ್ಟಂ, ಇಂತಹ ಬದಲಾವಣೆಗಳನ್ನು ಮೊದಲು ಲಾಗ್‌ ಎಂಬ ದಾಖಲೆಯಲ್ಲಿ ಬರೆದುಕೊಳ್ಳುವುದರಿಂದ ಸಾಮಾನ್ಯವಾಗಿ ತಾನೇ ಚೇತರಿಸಿಕೊಳ್ಳುತ್ತದೆ. ಪೆನ್ ಡ್ರೈವ್, ಮೆಮೊರಿ ಕಾರ್ಡುಗಳಲ್ಲಿರುವ ಫ್ಯಾಟ್32, ಎಕ್ಸ್‌ಫ್ಯಾಟ್ ಫೈಲ್ ಸಿಸ್ಟಂಗಳಿಗೆ ಆ ಲಾಗ್ ಇಲ್ಲ.

ಇಂತಹ ತೊಡಕುಗಳನ್ನು ಚೆಕ್‌ಡಿಸ್ಕ್ ನಿಜಕ್ಕೂ ಚೆನ್ನಾಗಿ ಬಿಡಿಸುತ್ತದೆ. ಕಮಾಂಡ್ ಪ್ರಾಂಪ್ಟಿನಲ್ಲಿ ಆದೇಶ ಬರೆಯುವಾಗ ಯಾವ ಆಯ್ಕೆಯನ್ನೂ ಕೊಡದಿದ್ದರೆ ಅದು ಡಿಸ್ಕನ್ನು ಓದಿ ವರದಿ ಕೊಡುತ್ತದೆ, ಏನನ್ನೂ ತಿದ್ದುವುದಿಲ್ಲ. ಆದ್ದರಿಂದ ಮೊದಲ ಬಾರಿ ಹಾಗೆಯೇ ಓಡಿಸುವುದು ಸೂಕ್ತ. ‘ಎಫ್’ (/f) ಆಯ್ಕೆ ಕೊಟ್ಟಾಗ, ಎನ್‌ಟಿಎಫ್‌ಎಸ್ ಡ್ರೈವಿನಲ್ಲಿ ಮೂಲ ರಚನೆ, ಫೈಲ್ ಹೆಸರುಗಳ ಕೊಂಡಿ, ಭದ್ರತಾ ವಿವರ ಎಂಬ ಮೂರು ಹಂತಗಳನ್ನು ದಾಟಿ ತಪ್ಪುಗಳನ್ನು ತಿದ್ದುತ್ತದೆ. ವಿಂಡೋಸ್ 8ರಿಂದ ಈಚೆಗೆ ‘ಸ್ಕ್ಯಾನ್’ ಆಯ್ಕೆಯ ಮೂಲಕ ಡ್ರೈವ್ ಬಳಕೆಯಲ್ಲಿರುವಾಗಲೇ ಪರೀಕ್ಷಿಸಿ, ಸಿಕ್ಕ ದೋಷಗಳನ್ನಷ್ಟೇ ‘ಸ್ಪಾಟ್‌ಫಿಕ್ಸ್’ನಿಂದ ಸರಿಪಡಿಸಬಹುದಾಗಿದೆ, ಇದು ದೊಡ್ಡ ಸುಧಾರಣೆ.

ಆದರೆ ಚೆಕ್‌ಡಿಸ್ಕ್ ಕಾಯುವುದು ಫೈಲ್ ಸಿಸ್ಟಮಿನ ಹೊಂದಾಣಿಕೆಯನ್ನು, ನಿಮ್ಮ ಫೈಲುಗಳನ್ನಲ್ಲ. ಲೆಕ್ಕಕ್ಕೆ ಸಿಗದ ತುಣುಕುಗಳನ್ನು ಅದು ‘ಫೌಂಡ್.000’ ಎಂಬ ಫೋಲ್ಡರಿಗೆ ಹಾಕಿದಾಗ, ಮದುವೆಯ ಫೋಟೋ ಆಗಿದ್ದದ್ದು ‘ಫೈಲ್0000.ಸಿಎಚ್‌ಕೆ’ ಎಂಬ ಹೆಸರಿನಲ್ಲಿ ಕಾಣಿಸಬಹುದು. ಮಾಡಿದ ತಿದ್ದುಪಡಿಯನ್ನು ಹಿಂದಕ್ಕೆ ಪಡೆಯುವ ದಾರಿಯೂ ಇಲ್ಲ.

‘ಆರ್’ (/r) ಆಯ್ಕೆಯ ಬಗ್ಗೆ ನನ್ನ ಆಕ್ಷೇಪ ಇನ್ನೂ ಗಂಭೀರವಾದದ್ದು. ಅದು ಕೆಟ್ಟ ಸೆಕ್ಟರುಗಳನ್ನು (ಡಿಸ್ಕಿನ ಓದಲಾಗದ ಪುಟ್ಟ ತುಂಡುಗಳನ್ನು) ಹುಡುಕುತ್ತಾ ಇಡೀ ಡಿಸ್ಕನ್ನು ಓದುತ್ತದೆ. ದೊಡ್ಡ ಹಾರ್ಡ್ ಡಿಸ್ಕಿನಲ್ಲಿ ಇದು ಗಂಟೆಗಟ್ಟಲೆ ನಡೆಯುತ್ತದೆ, ಶೇಕಡಾವಾರು ಅಂಕಿ ಒಂದೇ ಕಡೆ ನಿಂತಿರುತ್ತದೆ. ಡಿಸ್ಕ್ ಟಕಟಕ ಸದ್ದು ಮಾಡುತ್ತಿದ್ದರೆ ಈ ಶ್ರಮವೇ ಅದರ ಕೊನೆಯ ಕೆಲಸವಾಗಬಹುದು. ಅದಕ್ಕೆ ಮೊದಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂತಹ ತಂತ್ರಾಂಶದಲ್ಲಿ ಸ್ಮಾರ್ಟ್ ವಿವರಗಳನ್ನು (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ನೋಡಬೇಕು. ಬದಲಿ ಹಾಕಿದ ಸೆಕ್ಟರುಗಳ ಸಾಲಿನಲ್ಲಿ (05) ಅಥವಾ ಓದಲಾಗದೆ ಬಾಕಿ ಉಳಿದವುಗಳ ಸಾಲಿನಲ್ಲಿ (ಸಿ5) ಸೊನ್ನೆಗಿಂತ ಹೆಚ್ಚಿನ ಮೂಲಮೌಲ್ಯ (ರಾ ವ್ಯಾಲ್ಯೂ) ಕಂಡು ಅದು ಏರುತ್ತಿದ್ದರೆ, ಲಿನಕ್ಸ್‌ನ ಡಿಡಿರೆಸ್ಕ್ಯೂ ಬಳಸಿ ಇನ್ನೊಂದು ಡಿಸ್ಕಿಗೆ ಪೂರ್ತಿ ಪ್ರತಿ ತೆಗೆದು, ದುರಸ್ತಿಯನ್ನು ಆ ಪ್ರತಿಯ ಮೇಲೆ ಮಾಡಬೇಕು. ಸುಲಭವಾಗಿ ಓದಬಹುದಾದ ಭಾಗವನ್ನು ಮೊದಲು ಎತ್ತಿಕೊಂಡು, ಕಷ್ಟದ ಜಾಗಗಳಿಗೆ ಆಮೇಲೆ ಮರಳುವುದು ಆ ಉಪಕರಣದ ಕ್ರಮ.

ಫೈಲ್ ಸಿಸ್ಟಂ ‘ರಾ’ ಎಂದು ಕಂಡರೆ, ಅಂದರೆ ವಿಂಡೋಸಿಗೆ ಅದರ ಗುರುತು ಸಿಗದಿದ್ದರೆ, ಚೆಕ್‌ಡಿಸ್ಕ್ ಕೆಲಸ ಮಾಡಲು ಒಪ್ಪುವುದಿಲ್ಲ. ಆಗ ಫಾರ್ಮ್ಯಾಟ್ ಮಾಡುವಂತೆ ವಿಂಡೋಸ್ ಸೂಚಿಸಿದರೆ ರದ್ದು ಮಾಡಿ, ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶವನ್ನು ಆಶ್ರಯಿಸಿ. ಎನ್‌ಟಿಎಫ್‌ಎಸ್ ವಿಭಾಗದ ಕೊನೆಯಲ್ಲಿರುವ ಬೂಟ್ ಸೆಕ್ಟರಿನ (ವಿಭಾಗದ ರಚನೆಯ ವಿವರವಿರುವ ಮೊದಲ ಸೆಕ್ಟರಿನ) ನಕಲಿನಿಂದ ಮೂಲವನ್ನು ಮರಳಿ ಕಟ್ಟಲು ಅದಕ್ಕೆ ಬರುತ್ತದೆ.

ಸಿ ಡ್ರೈವ್ ಬಳಕೆಯಲ್ಲಿರುವುದರಿಂದ ಅದರ ದುರಸ್ತಿ ರೀಸ್ಟಾರ್ಟ್ ಆಗುವಾಗ ನಡೆದು, ವರದಿ ಕಣ್ಣೆದುರಿನಿಂದ ಮಾಯವಾಗುತ್ತದೆ. ಅದನ್ನು ವಿಂಡೋಸಿನ ಘಟನಾ ದಾಖಲೆಗಳನ್ನು ತೋರಿಸುವ ಈವೆಂಟ್ ವ್ಯೂವರಿನ ಅಪ್ಲಿಕೇಶನ್ ವಿಭಾಗದಲ್ಲಿ, ವಿನ್‌ಇನಿಟ್ ಹೆಸರಿನ 1001ನೆಯ ಸಂಖ್ಯೆಯ ದಾಖಲೆಯಲ್ಲಿ ಹುಡುಕಿ ಓದಬೇಕು. ಅಲ್ಲಿ ಕೆಟ್ಟ ಸೆಕ್ಟರುಗಳ ಸಾಲಿನಲ್ಲಿ ಸೊನ್ನೆ ಕೆಬಿ ಇದ್ದು, ಸ್ಮಾರ್ಟ್ ವಿವರಗಳೂ ಸರಿಯಾಗಿದ್ದರೆ ಡಿಸ್ಕನ್ನು ಬಳಸುತ್ತಾ ಹೋಗಬಹುದು. ಬೇರೆ ಅಂಕಿ ಇದ್ದರೆ ಹೊಸ ಡಿಸ್ಕ್ ಕೊಳ್ಳುವುದನ್ನು ಮುಂದೂಡಬೇಡಿ.